ಮಾಡುವ ಧರ್ಮ

ಶಾಲೆಯ ದಾಖಲಾತಿ ಅರ್ಜಿಯಲ್ಲಿ ಜಾತಿಯ ಕಲಮಿನ ಪಕ್ಕದಲ್ಲೇ ‘ಧರ್ಮ’ ಎಂದೊಂದು ಕಲಮು ಇರುತ್ತದೆ. ಅಲ್ಲಿ ಬರೆಯಬೇಕಾದದ್ದು ಒಂದೇ ಪದ: ಹಿಂದೂ, ಇಸ್ಲಾಂ, ಕ್ರೈಸ್ತ, ಜೈನ, ಬೌದ್ಧ, ಸಿಖ್. ಅರ್ಜಿ ತುಂಬಿಸಿ ಹೊರಗೆ ಬಂದರೆ ಬಸ್ ಸ್ಟ್ಯಾಂಡಿನಲ್ಲಿ ಅದೇ ಪದ ಮತ್ತೆ ಕಿವಿಗೆ ಬೀಳುತ್ತದೆ. ಧಕಾರದ ಉಸಿರು ಸವೆದು, ‘ಅಮ್ಮಾ, ದರ್ಮ ಮಾಡಿ’ ಎಂದು. ಅರ್ಜಿಯ ಧರ್ಮಕ್ಕೆ ಕ್ರಿಯಾಪದ ಬೇಕಾಗಿಲ್ಲ, ಹುಟ್ಟಿದರೆ ಸಾಕು. ಬಸ್ ಸ್ಟ್ಯಾಂಡಿನ ಧರ್ಮಕ್ಕೆ ಕ್ರಿಯಾಪದವಿಲ್ಲದೆ ಗತಿಯಿಲ್ಲ. ಅದನ್ನು ಮಾಡಬೇಕು.

ಕನ್ನಡದ ಬಾಯಿಮಾತು ಈ ಎರಡನೆಯ ಧರ್ಮವನ್ನೇ ಹೆಚ್ಚು ನೆಚ್ಚಿಕೊಂಡಿದೆ. ಗುಡಿಯಲ್ಲಿ ಟಿಕೆಟ್ಟಿಲ್ಲದವರ ಸಾಲು ಧರ್ಮದರ್ಶನ. ಕಾಸು ಕೇಳದ ಆಸ್ಪತ್ರೆ ಧರ್ಮಾಸ್ಪತ್ರೆ, ಬಾಡಿಗೆ ಕೇಳದ ತಂಗುಮನೆ ಧರ್ಮಛತ್ರ. ಕಳ್ಳ ಸಿಕ್ಕಿಬಿದ್ದಾಗ ದಾರಿಹೋಕರೆಲ್ಲ ಸೇರಿ ಕೊಡುವುದು ಧರ್ಮದೇಟು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದರು ಎಂಬ ಗಾದೆಯಲ್ಲಿ ಧರ್ಮ ಎಂದರೆ ಬೆಲೆಯಿಲ್ಲದೆ ಬಂದದ್ದು. ಹೇಗಿದ್ದೀರಿ ಎಂದು ಕೇಳಿದರೆ ‘ನಿಮ್ಮ ಧರ್ಮದಿಂದ ಚೆನ್ನಾಗಿದೀವಿ’ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಇಷ್ಟೂ ಬಳಕೆಗಳಲ್ಲಿ ದೇವರಾಗಲಿ ಶಾಸ್ತ್ರವಾಗಲಿ ಎದುರಿಗೆ ನಿಲ್ಲುವುದಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಏನೋ ಒಂದು ಇರುತ್ತದೆ.

ವೇದದಲ್ಲಿ ಲೋಕವನ್ನೇ ಹೊತ್ತಿದ್ದ ಪದ ಕೊನೆಗೆ ಹಿಡಿ ಅಕ್ಕಿಯಾಯಿತಲ್ಲ ಎಂದು ಮರುಗುವ ಪಂಡಿತರಿದ್ದಾರೆ. ನನಗೆ ಅದು ಇಳಿತವಾಗಿ ಕಾಣುವುದಿಲ್ಲ. ಈ ಪದ ಬೀದಿಗೆ ಬಂದ ದಾರಿಯಲ್ಲೇ ಇನ್ನೂ ಕೆಲವು ಮತಗಳ ದೊಡ್ಡ ಪದಗಳೂ ನಡೆದುಬಂದಿವೆ. ಲೋಕದ ಮತಗಳೆಲ್ಲ ಯಾವುದರಲ್ಲಿ ಒಂದು ಎಂದು ಕೇಳುವವರು ಆ ದಾರಿಯನ್ನು ನೋಡಬೇಕು.

ಋಗ್ವೇದದಲ್ಲಿ ಇದರ ರೂಪ ‘ಧರ್ಮನ್’. ಧೃ ಎಂಬ ಧಾತು, ಅಂದರೆ ಹಿಡಿ, ಹೊರು, ಆನಿಸು. ಭೂಮಿ ಆಕಾಶಗಳು ಕುಸಿಯದಂತೆ ಹಿಡಿದಿಟ್ಟ ಆಧಾರ ಅದು. ಮನುಷ್ಯ ಮನುಷ್ಯನಿಗೆ ಮಾಡಬೇಕಾದದ್ದು ಎಂಬ ಅರ್ಥ ಅಲ್ಲಿ ಇನ್ನೂ ಮುಂದಕ್ಕೆ ಬಂದಿಲ್ಲ. ಮುಂದೆ ವಿಧಿ, ಕರ್ತವ್ಯ, ವರ್ಣಕ್ಕೊಂದು ಆಶ್ರಮಕ್ಕೊಂದು ಕಟ್ಟಳೆ ಎಂದು ಅರ್ಥ ಕವಲೊಡೆಯಿತು. ಧರ್ಮಶಾಸ್ತ್ರಗಳ ಆ ಕವಲು ಬಹಳ ಚರ್ಚೆಯಾಗಿದೆ, ಇಲ್ಲಿ ಅದನ್ನು ಬೆಳೆಸುವುದಿಲ್ಲ. ಬುದ್ಧ ಮತ್ತು ಮಹಾವೀರರ ಅನುಯಾಯಿಗಳ ಪ್ರಾಕೃತಗಳಲ್ಲಿ ಪದ ಮೆತ್ತಗಾಗಿ ‘ಧಮ್ಮ’ ಎಂದಾಯಿತು. ನಮ್ಮ ನೆಲದಲ್ಲಿ ಈ ಪದವನ್ನು ಮೊದಲು ಕಾಣುವುದು ಆ ಮೆತ್ತಗಿನ ರೂಪದಲ್ಲೇ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವ ಬಂಡೆಯಿದೆ. ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಇನ್ನೆರಡಿವೆ. ಮೂರನ್ನೂ 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಅಪ್ಪಣೆ ಅದು. ಮೊದಲು ಕುಶಲ ಕೇಳಿ ಆಮೇಲೆ ವಿಷಯಕ್ಕೆ ಬರುತ್ತದೆ. ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರೊಡನೆ ತಕ್ಕಂತೆ ನಡೆದುಕೊಳ್ಳಬೇಕು, ಇವು ಧಮ್ಮದ ಗುಣಗಳು. ಇದು ತಾನು ಹೊಸದಾಗಿ ಹೇಳುತ್ತಿರುವುದಲ್ಲ, ಹಿಂದಿನಿಂದ ಬಂದ ನಡವಳಿಕೆ ಎಂದೂ ಶಾಸನ ಸೇರಿಸುತ್ತದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ. ಬ್ರಾಹ್ಮಿಯಲ್ಲಿ ಇಡೀ ಶಾಸನ ಬರೆದವನು ‘ಲಿಪಿಕಾರ’ ಎಂಬ ತನ್ನ ಕಸುಬಿನ ಪದವನ್ನು ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಎಲ್ಲಿಯವನೋ, ಎಷ್ಟು ದೂರ ಬಂದಿದ್ದನೋ! ಅವನ ಕೈಯಲ್ಲಿ ಧಮ್ಮ ಎಂಬ ಪದ ಯಾವ ಪಂಥದ ಹೆಸರೂ ಆಗಿರಲಿಲ್ಲ.

ಪಂಥಕ್ಕೆ ಅಶೋಕನ ಬಳಿ ಬೇರೆ ಪದವಿತ್ತು: ‘ಪಾಸಂಡ’. ಅದರಲ್ಲಿ ಬೈಗುಳವಿರಲಿಲ್ಲ. ಬೌದ್ಧರು ಒಂದು ಪಾಸಂಡ, ಜೈನರು ಒಂದು, ಆಜೀವಿಕರು ಇನ್ನೊಂದು. ಎಲ್ಲ ಪಾಸಂಡಗಳನ್ನೂ ಗೌರವಿಸಬೇಕು, ಸಂದರ್ಭವಿಲ್ಲದೆ ತನ್ನದನ್ನು ಹೊಗಳಿ ಇನ್ನೊಬ್ಬರದನ್ನು ತೆಗಳಬಾರದು, ನಾಲಿಗೆಯ ಬಿಗಿಯೇ ಇದಕ್ಕೆ ಮೂಲ ಎಂದು ಅವನ ಹನ್ನೆರಡನೆಯ ಬಂಡೆ ಶಾಸನ ಹೇಳುತ್ತದೆ. ಆ ಶಾಸನದ ಒಂದು ಭಾಗ ನಮ್ಮಲ್ಲೇ ಸಿಕ್ಕಿದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ತೀರದ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1980ರ ದಶಕದಲ್ಲಿ ಕಾಳಿಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಕೆಳಗಿದ್ದ ಪೀಠದ ಚಪ್ಪಡಿಯಲ್ಲಿ ಅಕ್ಷರಗಳು ಕಂಡವು. ಮೂರ್ತಿಯ ಬುಡ ಕೂರಿಸಲೆಂದು ಕಲ್ಲಿನ ನಡುವೆ ಚೌಕನೆಯ ತೂತು ಕೊರೆದಿದ್ದರು. ತೂತಿನ ಸುತ್ತ ಉಳಿದಿದ್ದ ಅಕ್ಷರಗಳು ಅಶೋಕನವು. ಎಲ್ಲ ಪಂಥಗಳನ್ನೂ ಗೌರವಿಸಿ ಎಂಬ ಕಲ್ಲಿನ ಮೇಲೆ ಕಾಳಿ ಶತಮಾನಗಳ ಕಾಲ ನಿಂತಿದ್ದಳು. ಇನ್ನು ‘ಪಾಸಂಡ’ದ ಗತಿ ಕೇಳಿದರೆ ಸಂಕಟವಾಗುತ್ತದೆ. ನಿರಪರಾಧಿಯಾಗಿದ್ದ ಆ ಪದ ಪಾಷಂಡಿ ಎಂದಾಗಿ, ಹಿಂದಿಯಲ್ಲಿ ಪಾಖಂಡಿಯಾಗಿ, ವಂಚಕ, ವೇದಬಾಹಿರ, ಕಪಟಿ ಎಂಬ ಬೈಗುಳವಾಯಿತು. ಪರರ ಪಂಥ ಎಂಬುದೇ ಬೈಗುಳವಾಗಿಬಿಡಲು ಕೆಲವು ಶತಮಾನಗಳು ಸಾಕಾದವು.

ಧಮ್ಮ ಎಂದರೇನು ಎಂದು ಅಶೋಕ ತಾನೇ ಕೇಳಿಕೊಂಡು ಒಂದು ಸ್ತಂಭಶಾಸನದಲ್ಲಿ ಉತ್ತರ ಕೊಟ್ಟಿದ್ದಾನೆ. ಕೆಡುಕು ಕಡಿಮೆ, ಒಳಿತು ಹೆಚ್ಚು, ದಯೆ, ದಾನ, ಸತ್ಯ, ಶುಚಿತ್ವ. ಧರ್ಮದೊಳಗೆ ದಾನ ಕುಳಿತದ್ದು ಇಲ್ಲಿ ಕಾಣುತ್ತದೆ. 1958ರಲ್ಲಿ ಅಫ್ಘಾನಿಸ್ತಾನದ ಕಂದಹಾರ್ ಬಳಿ ಸಿಕ್ಕ ದ್ವಿಭಾಷಾ ಶಾಸನ ಇದಕ್ಕೆ ಇನ್ನೊಂದು ಎಳೆ ಸೇರಿಸಿತು. ಅಲ್ಲಿನ ಗ್ರೀಕರಿಗಾಗಿ ಅಶೋಕನ ಬರಹಗಾರರು ಧಮ್ಮವನ್ನು ‘ಯೂಸೆಬೇಯಾ’ ಎಂದರು, ಭಯಭಕ್ತಿ ಎಂಬರ್ಥ. ಅರಮಾಯಿಕ್ ಓದುವವರಿಗೆ ಸತ್ಯ ಎಂಬರ್ಥದ ಪದವನ್ನು ಇಟ್ಟರು. ಅರಮಾಯಿಕ್ ಎಂದರೆ ಹೀಬ್ರೂ ಮತ್ತು ಅರಬ್ಬಿಯ ದಾಯಾದಿ ಭಾಷೆ. ಆ ಕುಟುಂಬದಲ್ಲಿ ಸತ್ಯಕ್ಕೂ ನ್ಯಾಯಕ್ಕೂ ಮುಂದೆ ಏನಾಯಿತೆಂದು ನೋಡುವ ಮುಂಚೆ ನಮ್ಮ ಶಾಸನಗಳ ಕಡೆ ಒಮ್ಮೆ ಹೋಗಿಬರಬೇಕು.

ಹಳಗನ್ನಡ, ನಡುಗನ್ನಡಗಳ ಶಾಸನಗಳಲ್ಲಿ ಮತಕ್ಕೆ ಸಮಯ, ದರ್ಶನ ಎಂಬ ಪದಗಳಿದ್ದವು. ‘ಸಮಯ’ ಈಗ ಗಡಿಯಾರದ ಪಾಲಾಗಿದೆ. ‘ಮತ’ ಮತಪೆಟ್ಟಿಗೆ ಸೇರಿದೆ, ಆದರೂ ಮತಾಂತರ ಎಂಬಲ್ಲಿ ಹಳೆಯ ಅರ್ಥ ಉಳಿದುಕೊಂಡಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ದೂರು ಬುಕ್ಕರಾಯನವರೆಗೆ ಹೋಯಿತು. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪು ಕೊಟ್ಟ. ಶ್ರವಣಬೆಳಗೊಳದ ಶಾಸನದಲ್ಲಿ ಇದೆಲ್ಲ ಇದೆ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಿ ಗೊಮ್ಮಟನಿಗೆ ಇಪ್ಪತ್ತು ಜನ ಕಾವಲಿನವರನ್ನು ಇಡುವುದು, ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳನ್ನು ದುರಸ್ತಿ ಮಾಡಿಸುವುದು, ಇವನ್ನು ನೋಡಿಕೊಳ್ಳುವ ಹೊಣೆ ತಿರುಮಲೆಯ ವೈಷ್ಣವ ತಾತಯ್ಯನದು. ಜೈನರ ದೇವರನ್ನು ಕಾಯುವ ಕೆಲಸ ವೈಷ್ಣವ ಗುರುವಿನ ಕೈಗೆ! ತೀರ್ಪು ಎಂದರೆ ಇದು ಎನಿಸುತ್ತದೆ ನನಗೆ.

ಹಾಗಾದರೆ ಶಾಸನಗಳಲ್ಲಿ ‘ಧರ್ಮ’ ಎಂಬ ಪದಕ್ಕೆ ಏನು ಕೆಲಸ? ಬಹುಪಾಲು, ಬಿಟ್ಟ ದತ್ತಿಗೇ ಆ ಹೆಸರು. ಕೆರೆ ಕಟ್ಟಿಸಿದ್ದು, ಅರವಟ್ಟಿಗೆ ಇಡಿಸಿದ್ದು, ಬಸದಿಗೆ ಗದ್ದೆ ಬಿಟ್ಟದ್ದು, ನಂದಾದೀಪಕ್ಕೆ ಎಣ್ಣೆಗೆಂದು ಗಾಣ ಬಿಟ್ಟದ್ದು, ಇವೆಲ್ಲ ‘ಈ ಧರ್ಮ’. ಶಾಸನದ ಕೊನೆಯಲ್ಲಿ ಈ ಧರ್ಮವನ್ನು ಪಾಲಿಸಿದವರಿಗೆ ಇಂಥ ಪುಣ್ಯ, ಅಳಿದವರಿಗೆ ಇಂಥ ಪಾಪ ಎಂದು ಬರುತ್ತದೆ. ಪಾಲಿಸಬೇಕಾದದ್ದು, ಅಳಿಸಬಹುದಾದದ್ದು, ಎಲ್ಲೆಕಲ್ಲು ನೆಟ್ಟು ತೋರಿಸಬಹುದಾದದ್ದು ಆ ಧರ್ಮ. ಕನ್ನಡದಲ್ಲಿ ‘ಧರ್ಮ ಮಾಡು’ ಎಂಬ ಬಳಕೆ ಇಷ್ಟು ಗಟ್ಟಿಯಾಗಲು ಊರೂರಿನ ಈ ಕಲ್ಲುಗಳೂ ಕಾರಣವೆಂದು ನನ್ನ ನಂಬಿಕೆ. ಜೈನರು ದಾನವನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ಮಾಡಿದರು. ಲಕ್ಕುಂಡಿಯಲ್ಲಿ 1007ರ ಶಾಸನವಿರುವ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳು. ಅದು ಶಾಸ್ತ್ರದಾನ. ಶಾಪದ ಭಾಗದಲ್ಲೂ ಒಂದು ವಿಶೇಷವುಂಟು. ದಖ್ಖನಿನ ಕೆಲವು ಕಡೆಗಾಲದ ಶಾಸನಗಳಲ್ಲಿ ದತ್ತಿಗೆ ಕೈಹಾಕುವ ಹಿಂದೂವಿಗೆ ಗೋಹತ್ಯೆಯ ಪಾಪ, ಮುಸಲ್ಮಾನನಿಗೆ ಹಂದಿ ತಿಂದ ಪಾಪ ಎಂದು ಎರಡನ್ನೂ ಬರೆಸಿದ್ದಾರೆ. ಬರೆಸಿದವನಿಗೆ ಮತಗಳ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಕೊಟ್ಟದ್ದನ್ನು ಕಸಿಯಬಾರದು ಎಂಬುದು ಇಬ್ಬರಿಗೂ ಒಂದೇ ಎಂಬುದೂ ಗೊತ್ತಿತ್ತು.

ಈಗ ಹೀಬ್ರೂ ಕಡೆಗೆ. ಅಲ್ಲಿ ‘ಸೆದೆಕ್’ ಎಂದರೆ ನ್ಯಾಯ, ನೇರ ನಡೆ. ಅದರ ಸೋದರ ರೂಪ ‘ಸೆದಾಕಾ’. ಯೆಹೂದ್ಯರ ಗ್ರಂಥದಲ್ಲಿ ಅಬ್ರಹಾಮನ ಸಂತತಿಯಿಂದ ದೇವರು ಬಯಸುವುದು ಸೆದಾಕಾವನ್ನು, ಅದೂ ‘ಮಾಡು’ ಎಂಬ ಕ್ರಿಯಾಪದದ ಜೊತೆಗೆ. ಕಾಲ ಕಳೆದಂತೆ ಆ ಪದಕ್ಕೆ ಬಡವರಿಗೆ ಕೊಡುವುದು ಎಂಬ ಅರ್ಥ ಬಂತು. ಇವತ್ತು ಯೆಹೂದ್ಯರ ಮನೆಗಳಲ್ಲಿ ನಾಣ್ಯ ಹಾಕುವ ಡಬ್ಬಿಗೆ ಅದೇ ಹೆಸರು. ದಯೆಗೆ ಅವರಲ್ಲಿ ಬೇರೆ ಪದಗಳಿವೆ. ಆದರೂ ಕೊಡುವುದನ್ನು ಕರೆದದ್ದು ನ್ಯಾಯದ ಹೆಸರಿನಿಂದ. ಹೊಲದ ಮೂಲೆಯನ್ನು ಕೊಯ್ಯದೆ ಬಿಡಬೇಕು, ಬಿದ್ದ ತೆನೆಯನ್ನು ಹೆಕ್ಕಬಾರದು, ಅದು ಬಡವನದು ಮತ್ತು ಪರದೇಶಿಯದು ಎಂದು ಅವರ ಶಾಸ್ತ್ರ ವಿಧಿಸುತ್ತದೆ. ನಮ್ಮ ಕಡೆ ಹಕ್ಕಲು ಆಯುವುದು ಎನ್ನುತ್ತೇವಲ್ಲ, ಅದೇ. ಮೊವಾಬಿನಿಂದ ಬಂದ ವಿಧವೆ ರೂತ್ ಹೊಟ್ಟೆ ಹೊರೆದದ್ದು ಬೋವಜನ ಹೊಲದಲ್ಲಿ ಹಕ್ಕಲು ಆಯ್ದು. ಮೂಲೆಯ ಪೈರು ಹೊಲದವನದೇ ಅಲ್ಲದ ಮೇಲೆ ಅದನ್ನು ಕೊಟ್ಟೆ ಎಂದು ಅವನು ಹೆಮ್ಮೆಪಡುವ ಹಾಗಿಲ್ಲ.

12ನೆಯ ಶತಮಾನದಲ್ಲಿ, ಕಲ್ಯಾಣದಲ್ಲಿ ಬಸವಣ್ಣನವರು ಇದ್ದ ಶತಮಾನದಲ್ಲೇ, ಈಜಿಪ್ಟಿನಲ್ಲಿ ವೈದ್ಯನಾಗಿದ್ದ ಮೈಮೋನಿಡೀಸ್ ಸೆದಾಕಾಕ್ಕೆ ಎಂಟು ಮೆಟ್ಟಿಲು ಕಟ್ಟಿದ. ಕೆಳಗಿನದು ಗೊಣಗುತ್ತ ಕೊಡುವುದು. ಕೊಟ್ಟವನಿಗೆ ಪಡೆದವನು ಗೊತ್ತಿರದೆ, ಪಡೆದವನಿಗೆ ಕೊಟ್ಟವನೂ ಗೊತ್ತಿರದೆ ನಡೆಯುವುದು ಬಹಳ ಮೇಲಿನದು. ಜೆರೂಸಲೇಮಿನ ದೇವಾಲಯದಲ್ಲಿ ಇದಕ್ಕೆಂದೇ ಒಂದು ಗುಟ್ಟಿನ ಕೋಣೆ ಇತ್ತೆಂದು ಅವನು ನೆನೆಯುತ್ತಾನೆ. ಸದ್ದಿಲ್ಲದೆ ಇಟ್ಟು ಹೋಗುವವರು, ಸದ್ದಿಲ್ಲದೆ ತೆಗೆದುಕೊಂಡು ಹೋಗುವವರು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು, ಸಾಲ ಕೊಟ್ಟೋ ವ್ಯಾಪಾರದಲ್ಲಿ ಪಾಲು ಮಾಡಿಕೊಂಡೋ ಕೆಲಸ ಹುಡುಕಿಕೊಟ್ಟೋ ಅವನು ಮತ್ತೆ ಕೈಚಾಚದಂತೆ ಮಾಡುವುದು. ಸೆದಾಕಾದಿಂದಲೇ ಬದುಕುವ ಬಡವನೂ ತನ್ನ ಪಾಲಿನ ಸೆದಾಕಾ ಕೊಡಬೇಕು ಎಂಬ ನಿಯಮವೂ ಇದೆ. ಕೊಡುವುದು ಮನುಷ್ಯನ ಮಾನ, ಬಡತನ ಅದನ್ನು ಕಸಿಯಬಾರದು ಎಂಬ ಕಾಳಜಿ ಅದರಲ್ಲಿದೆ.

ಅರಬ್ಬಿಯಲ್ಲಿ ‘ಸಿದ್ಕ್’ ಎಂದರೆ ಸತ್ಯ. ಅದೇ ಮೂರು ಅಕ್ಷರಗಳ ಧಾತುವಿನಿಂದ ಬಂದದ್ದು ‘ಸದಕಾ’, ಮನಸಾರೆ ಕೊಡುವ ದಾನ. ಬಾಯಲ್ಲಿ ನಂಬಿದ್ದು ಕೈಯಲ್ಲಿ ನಿಜವಾಗುವುದೇ ಸದಕಾ ಎಂದು ವಿವರಿಸುವುದುಂಟು. ಬಡವ, ನಿರ್ಗತಿಕ, ಸಾಲಗಾರ, ದಾರಿಹೋಕ, ಸೆರೆಯಲ್ಲಿದ್ದವನು ಸೇರಿ ಪಡೆಯತಕ್ಕವರನ್ನು ಕುರಾನು ಎಂಟು ಬಗೆಯಾಗಿ ಹೇಳುತ್ತದೆ. ಕೊಟ್ಟು ಹಂಗಿಸಿದರೆ ಕೊಟ್ಟದ್ದೆಲ್ಲ ವ್ಯರ್ಥ ಎಂದೂ ಎಚ್ಚರಿಸುತ್ತದೆ. ‘ಹಂಗು’ ಎಂಬ ನಮ್ಮ ಪದದ ಮುಳ್ಳು ಯಾವ ಭಾಷೆಯವರಿಗೂ ತಿಳಿಯುತ್ತದೆ. ಹದೀಸುಗಳಲ್ಲಿ ಸದಕಾ ಇನ್ನೂ ಹರವಾಗುತ್ತದೆ. ದಾರಿಯಲ್ಲಿರುವ ಮುಳ್ಳುಕಲ್ಲು ಎತ್ತಿ ಬದಿಗಿಡುವುದು ಸದಕಾ, ಒಳ್ಳೆಯ ಮಾತು ಸದಕಾ, ನಗುಮುಖವೂ ಸದಕಾ. ಕಡ್ಡಾಯವಾದ ‘ಜಕಾತ್’ ಬೇರೆ. ಶುದ್ಧಿ ಮತ್ತು ಬೆಳವಣಿಗೆ ಎರಡೂ ಅದರ ಧಾತುವಿನಲ್ಲಿವೆ. ಗೊತ್ತಾದ ಮೊತ್ತಕ್ಕೆ ಮೀರಿದ ಸಂಪತ್ತು ಚಾಂದ್ರಮಾನದ ಒಂದು ವರ್ಷ ಕೈಯಲ್ಲಿದ್ದರೆ ಅದರಲ್ಲಿ ನೂರಕ್ಕೆ ಎರಡೂವರೆ ಪಾಲು. ಈ ಪದ ಆಡಳಿತದ ಬೆನ್ನೇರಿ ನಮ್ಮಲ್ಲಿಗೂ ಬಂತು, ಅರ್ಥ ದಾರಿಯಲ್ಲೇ ಬದಲಾಯಿತು. ಉತ್ತರ ಕರ್ನಾಟಕದ ‘ಜಕಾತಿ’ ಎಂದರೆ ಊರಬಾಗಿಲಲ್ಲಿ ಸರಕಿನ ಮೇಲೆ ಎತ್ತುತ್ತಿದ್ದ ಸುಂಕ. ಬಡವನ ಪಾಲಿನ ಹೆಸರು ಸುಂಕದ ಕಟ್ಟೆಗೆ ಅಂಟಿಕೊಂಡಿತು.

ಯೇಸುವಿನ ಬೆಟ್ಟದ ಬೋಧನೆಯಲ್ಲಿ ಇದೇ ಅರ್ಥಾಂತರ ಪ್ರತಿಗಳ ನಡುವೆಯೇ ನಡೆದಿದೆ. ಜನ ನೋಡಲೆಂದು ಮಾಡಬೇಡಿ ಎನ್ನುವ ಜಾಗದಲ್ಲಿ ಏನನ್ನು ಮಾಡಬಾರದು? ನಾಲ್ಕನೆಯ ಶತಮಾನದ ಹಳೆಯ ಗ್ರೀಕ್ ಪ್ರತಿಗಳಲ್ಲಿ ‘ದಿಕಾಯೊಸೂನೆ’ ಎಂದಿದೆ, ಅಂದರೆ ನೀತಿ, ನ್ಯಾಯ. ಮುಂದಿನ ಎಷ್ಟೋ ಪ್ರತಿಗಳಲ್ಲಿ ಅದು ‘ಎಲೆಎಮೊಸೂನೆ’, ದಯೆಯ ದಾನ. ನಕಲು ಮಾಡುವವರಿಗೆ ಎರಡೂ ಒಂದೇ ಎನಿಸುವಷ್ಟು ಹತ್ತಿರವಿದ್ದವು. ಎರಡು ಪಾಠಗಳಲ್ಲೂ ಕ್ರಿಯಾಪದ ಮಾತ್ರ ‘ಮಾಡು’. ನಮ್ಮ ಸತ್ಯವೇದದ ಅನುವಾದಕರು ಇಲ್ಲಿ ಧರ್ಮ ಎಂಬ ಪದವನ್ನೇ ಹಿಡಿದರು. ಧರ್ಮಕಾರ್ಯ ಎಂದರೂ ಆಯಿತು, ಧರ್ಮ ಕೊಡುವುದು ಎಂದರೂ ಆಯಿತು. ಗ್ರೀಕಿನಲ್ಲಿ ಎರಡು ಪದಗಳಿಗೆ ಹಂಚಿಹೋದದ್ದು ಕನ್ನಡದಲ್ಲಿ ಒಂದರೊಳಗೇ ಇತ್ತು. ಅದರ ಮುಂದೆಯೇ ಬರುವ ಉಪದೇಶ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬುದು. ಅದೇ ಚಿತ್ರ ಪ್ರವಾದಿಯ ಹದೀಸಿನಲ್ಲಿ ಸದಕಾದ ಬಗ್ಗೆ ಇದೆ. ನಮ್ಮ ಅಜ್ಜಿಯರೂ ಅದನ್ನೇ ಹೇಳುತ್ತಿದ್ದರು, ಯಾವ ಗ್ರಂಥದಿಂದ ಬಂತೆಂದು ಅವರನ್ನು ಯಾರೂ ಕೇಳಿರಲಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ಧರ್ಮ ಮಾಡುವವನ ಕೈ ಮೇಲೆ, ಬೇಡುವವನ ಕೈ ಕೆಳಗೆ. ಅಂಗಳದ ಆಚೆ ನಿಲ್ಲಿಸಿ, ಮುಟ್ಟದಂತೆ ಮೇಲಿನಿಂದ ಸುರಿದ ಮುದ್ದೆಗೂ ಧರ್ಮವೆಂದೇ ಹೆಸರಿತ್ತು. ದುಡಿಸಿಕೊಂಡು ಕೂಲಿ ಕೊಡದೆ ಹಬ್ಬಕ್ಕೊಂದು ಹಳೆ ಸೀರೆ ಕೊಟ್ಟವರೂ ಧರ್ಮಿಷ್ಠರೆನಿಸಿಕೊಂಡರು. ದಯೆಯನ್ನು ಧರ್ಮದ ಬೇರಿಗೆ ತಂದಿಟ್ಟ ಶರಣರಿಗೆ ಈ ಕೈಮೇಲು ಸಹನೆಯಾಗಲಿಲ್ಲ. ದಾನ ಎನ್ನುವ ಕಡೆ ಅವರು ‘ದಾಸೋಹ’ ಎಂದರು, ನಾನು ದಾಸ ಎಂಬ ಮಾತು. ಉಣಬಡಿಸುವವನು ಉಣ್ಣುವವನಿಗಿಂತ ಕೆಳಗೆ ನಿಂತ. ಅದೂ ತನ್ನ ಕಾಯಕದಿಂದ ಬಂದದ್ದನ್ನೇ ಬಡಿಸಬೇಕು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಣ್ಣುವುದಕ್ಕೆ ಇಂದಿಗೂ ದಾಸೋಹವೆಂದೇ ಹೆಸರು. ಬೀದರಿನ ಗುರುನಾನಕ್ ಝೀರಾದಲ್ಲಿ ಅದು ಲಂಗರ್. ಎಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ. ಸಿಖ್ಖರ ಮೊದಲ ಕಾಲದ ಪ್ರಾರ್ಥನಾಮಂದಿರಗಳಿಗೆ ‘ಧರ್ಮಸಾಲ್’ ಎನ್ನುತ್ತಿದ್ದರು.

ನಮ್ಮ ಪದ ಕಡಲು ದಾಟಿಯೂ ಇದೇ ಕೆಲಸಕ್ಕೆ ನಿಂತಿದೆ. ಥಾಯ್ ಭಾಷೆಯಲ್ಲಿ ಅದು ‘ಥಮ್’, ಬುದ್ಧನ ಬೋಧೆ. ಚೀನಿಯರು ಅದಕ್ಕೆ ತಮ್ಮದೇ ಕಾನೂನಿನ ಪದವನ್ನು ಒದಗಿಸಿದರು. ಆದರೆ ಮಲಯ ಭಾಷೆಯಲ್ಲಿ ‘ದರ್ಮ’ ಎಂದರೆ ದಾನ, ಉದಾರಿಗೆ ‘ದರ್ಮವಾನ್’, ರಕ್ತದಾನಕ್ಕೆ ‘ದರ್ಮ ದಾರಾಹ್’. ಆಡುವವರಲ್ಲಿ ಬಹುಪಾಲು ಮುಸಲ್ಮಾನರು, ಸದಕಾ ಜಕಾತ್ ಎರಡೂ ಅವರ ಮಾತಿನಲ್ಲಿವೆ. ಅವುಗಳ ಪಕ್ಕದಲ್ಲೇ ಧರ್ಮವನ್ನೂ ಅವರು ಉಳಿಸಿಕೊಂಡಿದ್ದಾರೆ. ಮಲಯ ಬಲ್ಲವನು ನಮ್ಮ ಬಸ್ ಸ್ಟ್ಯಾಂಡಿಗೆ ಬಂದರೆ ಆ ಒಂದು ಪದಕ್ಕೆ ದುಭಾಷಿ ಬೇಕಾಗುವುದಿಲ್ಲ. ಕಡಲಿನ ಈಚೆ, ಪಕ್ಕದ ಕೇರಳದಲ್ಲಿ ಭಿಕ್ಷುಕನಿಗೆ ‘ಧರ್ಮಕ್ಕಾರನ್’ ಎನ್ನುತ್ತಾರೆ.

ಅರ್ಜಿಯ ಕಲಮಿನ ಧರ್ಮ ಈ ಮನೆಗೆ ಬಂದ ಕಿರಿಯ ಬಾಡಿಗೆದಾರ. 19ನೆಯ ಶತಮಾನದಲ್ಲಿ ಮಿಷನರಿಗಳೂ ಜನಗಣತಿಯವರೂ ‘ರಿಲಿಜನ್’ಗೆ ಸಮನಾದ ಪದ ಹುಡುಕಿದಾಗ ಧರ್ಮ ಕೈಗೆ ಸಿಕ್ಕಿತು. ಬಂಗಾಳದಲ್ಲಿ ವಿಲಿಯಂ ಕೇರಿ ಬೈಬಲ್ಲನ್ನು ‘ಧರ್ಮಪುಸ್ತಕ’ ಎಂದ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲೇ ‘ಪರಧರ್ಮ’ ಎಂಬ ಮಾತಿದೆಯಲ್ಲ ಎನ್ನಬಹುದು. ಇದೆ, ಆದರೆ ಅಲ್ಲಿ ಅದು ಪರವಿಚಾರದ ಜೊತೆಗೂಡಿ, ಸೈರಿಸಬಲ್ಲುದೇ ಸಿರಿ ಎಂಬರ್ಥದ ಮಾತಿನೊಳಗೆ ಬರುತ್ತದೆ. ಎಣಿಸುವ, ಗಡಿ ಹಾಕುವ ಧರ್ಮ ಅದಲ್ಲ. 1893ರಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು, ವೀರಚಂದ ಗಾಂಧಿ, ಅನಾಗಾರಿಕ ಧರ್ಮಪಾಲ ಕೂತದ್ದು ಈ ಹೊಸ ಅರ್ಥದ ಧರ್ಮಗಳ ಪ್ರತಿನಿಧಿಗಳಾಗಿ. ನೂರು ವರ್ಷದ ಮೇಲೆ ಅದೇ ಊರಿನಲ್ಲಿ ಕ್ರೈಸ್ತ ಮತಪಂಡಿತ ಹಾನ್ಸ್ ಕ್ಯೂಂಗ್ ಕರಡು ಮಾಡಿದ ಜಾಗತಿಕ ನೀತಿಯ ಘೋಷಣೆ ಹೊರಟಿತು. ನಿನಗೆ ಮಾಡಬಾರದೆನಿಸುವುದನ್ನು ಪರರಿಗೆ ಮಾಡಬೇಡ ಎಂಬುದು ಅದರ ನಡುಗಂಬ. ಕನ್ಫ್ಯೂಷಿಯಸ್, ಯೆಹೂದ್ಯ ಗುರು ಹಿಲ್ಲೆಲ್, ಮಹಾಭಾರತದ ಅನುಶಾಸನಪರ್ವ ಎಲ್ಲರೂ ಇದನ್ನು ಹೇಳಿದ್ದಾರೆ. ಘೋಷಣೆ ಬೇಕಾದದ್ದೇ. ಆದರೂ ಸೆದಾಕಾ, ಸದಕಾ, ಧರ್ಮ ಎಂಬ ಪದಗಳನ್ನು ಹೆಸರಿಲ್ಲದ ಜನ ತಲೆಮಾರುಗಟ್ಟಲೆ ಬಳಸಿ ಒಂದೇ ಅರ್ಥಕ್ಕೆ ತಂದು ನಿಲ್ಲಿಸಿದ್ದಾರಲ್ಲ, ಆ ಒಪ್ಪಂದವೇ ನನಗೆ ಹೆಚ್ಚು ನಂಬುಗೆಯದು.

ಹೊಸ ಅರ್ಥ ಹಳೆಯದನ್ನು ತಳ್ಳತೊಡಗಿದ್ದು ಕೋರ್ಟಿನ ಕಾಗದಗಳಲ್ಲೂ ಕಾಣುತ್ತದೆ. ಮುಂಬಯಿ ಪ್ರಾಂತ್ಯದ ಗೃಹಸ್ಥರೊಬ್ಬರು ತಮ್ಮ ಆಸ್ತಿ ‘ಧರಮ್’ಗೆ ಸಲ್ಲಲಿ ಎಂದು ಗುಜರಾತಿಯಲ್ಲಿ ಉಯಿಲು ಬರೆದರು. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ನ್ಯಾಯಾಧೀಶರು ವಿಲ್ಸನ್ನನ ನಿಘಂಟು ತೆಗೆದು ನೋಡಿದರೆ ಕಾನೂನು, ಸದ್ಗುಣ, ಕರ್ತವ್ಯ ಎಂದೆಲ್ಲ ಇತ್ತು. 1899ರಲ್ಲಿ ಅವರು ಈ ಪದ ತೀರ ಅಸ್ಪಷ್ಟ ಎಂದರು, ಉಯಿಲಿನ ಆ ಭಾಗ ಅಸಿಂಧುವಾಯಿತು. ನಿಘಂಟಿನ ಬದಲು ಬೀದಿಯ ಯಾರನ್ನಾದರೂ ಕೇಳಿದ್ದರೆ ಹಣ ಎಲ್ಲಿಗೆ ಹೋಗಬೇಕೆಂದು ತಡವಿಲ್ಲದೆ ಹೇಳುತ್ತಿದ್ದರು.

ಆ ತೀರ್ಪಿನ ನೆರಳು ಬಹಳ ಕಾಲ ಇತ್ತು. ವರ್ತಕರು ಸರಕಿನ ಬೆಲೆಯ ಮೇಲೆ ಕೆಲವು ಕಾಸು ‘ಧರ್ಮಾದಾಯ’ ಎಂದು ಗಿರಾಕಿಯಿಂದ ಎತ್ತಿ, ಬೇರೆ ಖಾತೆಯಲ್ಲಿಟ್ಟು, ಛತ್ರಕ್ಕೂ ಶಾಲೆಗೂ ಕೊಡುವ ಹಳೆಯ ರೂಢಿ ದೇಶದ ಹಲವೆಡೆ ಇದೆ. ಉತ್ತರದಲ್ಲಿ ಅದಕ್ಕೆ ‘ಧರ್ಮಾದಾ’ ಎನ್ನುತ್ತಾರೆ. ಉತ್ತರ ಪ್ರದೇಶದ ಬಿಜಲಿ ಹತ್ತಿ ಗಿರಣಿ ನೂಲು ಮಾರುವಾಗ ಹೀಗೆ ಎತ್ತಿದ ಹಣವನ್ನು ಆದಾಯ ತೆರಿಗೆ ಇಲಾಖೆ ಗಿರಣಿಯ ವರಮಾನವೆಂದಿತು. ಧರ್ಮಾದಾ ಎಂಬುದಕ್ಕೆ ಗೊತ್ತಾದ ಅರ್ಥವೇ ಇಲ್ಲ ಎಂದು ವಾದಿಸಲು 1899ರ ತೀರ್ಪನ್ನೂ ತಂದಿತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಉಯಿಲಿನ ಮಾತು ಬೇರೆ, ವ್ಯಾಪಾರಸ್ಥರ ರೂಢಿಯಲ್ಲಿ ಈ ಪದ ಪರೋಪಕಾರದ ಹಣಕ್ಕೇ ನಿಂತಿದೆ, ಕೊಡುವವನಿಗೂ ಎತ್ತುವವನಿಗೂ ಅದು ಗೊತ್ತು ಎಂದು 1970ರ ದಶಕದ ಕೊನೆಯಲ್ಲಿ ತೀರ್ಪು ಬಂತು. ಗಿರಣಿಯ ಕೈಗೆ ಬಂದ ಗಳಿಗೆಯಿಂದಲೇ ಆ ಹಣ ಗಿರಣಿಯದಲ್ಲ ಎಂದೂ ನ್ಯಾಯಾಲಯ ಹೇಳಿತು.